ಗೇಟ್ ನಂಬರ್ 19 ಮಾತ್ರ ಮಿಣುಕಲಿ: ಅಸೆಂಬ್ಲಿಯಲ್ಲಿ ಅಕ್ಷರದ ಬಣ್ಣ, ಹಿನ್ನೆಲೆಯ ಬಣ್ಣ

ಪ್ರಶ್ನೆ: ಸರ್, ನಮಸ್ಕಾರ. ನಮ್ಮೂರು ಕೊಪ್ಪಳ ಜಿಲ್ಲೆಯ ಮುನಿರಾಬಾದ್ ಹತ್ತಿರ. ಬಳ್ಳಾರಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಓದುತ್ತಿದ್ದೇನೆ. ಮಿನಿ ಪ್ರಾಜೆಕ್ಟ್‌ಗೆ ತುಂಗಭದ್ರಾ ಡ್ಯಾಂನ 33 ಗೇಟ್‌ಗಳನ್ನು ಸ್ಕ್ರೀನ್ ಮೇಲೆ ತೋರಿಸುವ ಪ್ರೋಗ್ರಾಂ ಮಾಡುತ್ತಿದ್ದೇನೆ, 8086 ಅಸೆಂಬ್ಲಿಯಲ್ಲಿ. ಮುಚ್ಚಿದ ಗೇಟಿಗೆ ಹಸಿರು ಹಿನ್ನೆಲೆ ಮೇಲೆ ಸಿ ಅಕ್ಷರ, ತೆರೆದ ಗೇಟಿಗೆ ಕೆಂಪು ಹಿನ್ನೆಲೆ ಮೇಲೆ ಓ ಅಕ್ಷರ. ನನ್ನ ಲ್ಯಾಪ್‌ಟಾಪ್‌ನ ಇಎಂಯು8086 (8086 ಪ್ರೊಸೆಸರ್ ಅನ್ನು ನಕಲು ಮಾಡುವ ಸಾಫ್ಟ್‌ವೇರ್) ನಲ್ಲಿ ಚೆನ್ನಾಗಿ ಕಾಣುತ್ತದೆ. ಅದೇ ಪ್ರೋಗ್ರಾಂ ಕಾಲೇಜ್ ಲ್ಯಾಬ್‌ನಲ್ಲಿ, ಹಳೇ ಡಾಸ್ ಕಂಪ್ಯೂಟರನ್ನು ನಕಲು ಮಾಡುವ ಡಾಸ್‌ಬಾಕ್ಸ್‌ನಲ್ಲಿ ಓಡಿಸಿದರೆ 33 ಅಕ್ಷರಗಳೂ ಮಿಣುಕುತ್ತವೆ, ಬಣ್ಣವೂ ಮಂಕಾಗುತ್ತದೆ. ಹೆಕ್ಸ್‌ನಲ್ಲಿ (16ರ ಎಣಿಕೆ, ಕೊನೆಯ ಎಚ್ ಅದರ ಗುರುತು) ಕೆಂಪಿಗೆ ಸಿಎಫ್, ಹಸಿರಿಗೆ ಎ0 ಕೊಟ್ಟಿದ್ದೇನೆ. ಮೇಲಿನ ಹೆಡ್ಡಿಂಗ್‌ಗೆ ಇಂಟ್ (ಇಂಟರಪ್ಟ್) 21ಎಚ್‌ನ 09ನೇ ಸೇವೆ ಬಳಸಿದೆ. ಬಿಎಲ್ ರಿಜಿಸ್ಟರ್‌ನಲ್ಲಿ ಬಣ್ಣ ಹಾಕಿದರೂ ಅದು ಬಣ್ಣವಿಲ್ಲದೆ ಮಾಮೂಲಿಯಾಗೇ ಬರುತ್ತದೆ. ವಿಡಿಯೋ ಮೆಮೊರಿಗೆ ನೇರವಾಗಿ ಬರೆಯೋಣ ಅಂದರೆ, ಹಾಗೆ ಮಾಡಿದರೆ ಡಿಸ್‌ಪ್ಲೇ ಹಾಳಾಗುತ್ತದೆ ಎಂದು ಗೆಳತಿ ಹೆದರಿಸುತ್ತಾಳೆ. ಲ್ಯಾಬ್ ಕಂಪ್ಯೂಟರ್ ಕೆಟ್ಟರೆ ಯಾರು ಕಟ್ಟಿಕೊಡಬೇಕು ಸರ್? ಇದೇ ಪ್ರೋಗ್ರಾಂ ಲಿನಕ್ಸ್‌ನಲ್ಲೂ ಓಡುತ್ತದಾ?

ಉತ್ತರ:

ಮೊದಲು ಭಯ ಬಿಡಿ. ಲ್ಯಾಬ್ ಕಂಪ್ಯೂಟರ್ ಕೆಡುವುದಿಲ್ಲ. ನೀವು ಬರೆಯುತ್ತಿರುವುದು ಡಾಸ್‌ಬಾಕ್ಸ್ ಒಳಗೆ. ಅಲ್ಲಿರುವ ವಿಡಿಯೋ ಮೆಮೊರಿ ನಿಜವಾದ ಕಾರ್ಡ್‌ನದ್ದಲ್ಲ, ಡಾಸ್‌ಬಾಕ್ಸ್ ನಿಮಗಾಗಿ ಮಾಡಿಕೊಟ್ಟ ನಕಲು. ಏನೇ ಎಡವಟ್ಟಾದರೂ ಕಿಟಕಿ ಮುಚ್ಚಿದರೆ ಮುಗೀತು. ನಿಜವಾದ ಹಳೇ ಡಾಸ್ ಮಷೀನ್ ಆಗಿದ್ದರೂ ಅಷ್ಟೇ. ಟೆಕ್ಸ್ಟ್ ಮೆಮೊರಿಗೆ ಯಾವ ಅಂಕಿ ಬರೆದರೂ ಅದು ಒಂದು ಅಕ್ಷರ ಅಥವಾ ಒಂದು ಬಣ್ಣ, ಅದರಾಚೆ ಏನೂ ಅಲ್ಲ.

ನಿಮ್ಮ ಗೆಳತಿಯ ಮಾತು ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದೂ ಅಲ್ಲ. ಟ್ಯೂಬ್ ಮಾನಿಟರ್‌ಗಳ ಕಾಲದಲ್ಲಿ, ವಿಡಿಯೋ ಕಾರ್ಡ್‌ನ ಟೈಮಿಂಗ್ ರಿಜಿಸ್ಟರ್‌ಗಳಿಗೆ ಔಟ್ ಸೂಚನೆಯಿಂದ ತಪ್ಪು ಬೆಲೆ ತುಂಬಿದರೆ ಕೆಲವು ಮಾನಿಟರ್‌ಗಳಿಗೆ ಪೆಟ್ಟಾಗುತ್ತಿತ್ತು. ಆ ಮಾತು ಬಾಯಿಂದ ಬಾಯಿಗೆ ಹೋಗಿ "ವಿಡಿಯೋ ಮೆಮೊರಿ ಮುಟ್ಟಬೇಡ" ಎಂದಾಗಿದೆ. ನಿಮ್ಮ ಪ್ರೋಗ್ರಾಂನಲ್ಲಿ ಒಂದೂ ಔಟ್ ಇಲ್ಲ. ಹಾಗಾಗಿ ಆ ಪ್ರಶ್ನೆಯೇ ಬರುವುದಿಲ್ಲ.

ಈಗ ಬಣ್ಣಕ್ಕೆ ಬರೋಣ. ಸಿ ಅಥವಾ ಪೈಥಾನ್ ಕಲಿತು ಬಂದವರಿಗೆ ಬಣ್ಣ ಅನ್ನೋದು ಪ್ರಿಂಟ್ ಮಾಡುವಾಗ ಹಚ್ಚುವ ಶಾಯಿ ಅನಿಸುತ್ತದೆ. ಇಲ್ಲಿ ಹಾಗಲ್ಲ. ರಾಯಚೂರಿನ ಎಪಿಎಂಸಿಗೆ ಹೋಗಿದ್ದೀರಾ? ಪ್ರತಿ ಲಾಟ್ ಪಕ್ಕ ಒಂದು ಚೀಟಿ ಸಿಕ್ಕಿಸಿರುತ್ತಾರೆ. ಮಾಲು ಬೇರೆ, ಚೀಟಿ ಬೇರೆ. ಟೆಕ್ಸ್ಟ್ ಸ್ಕ್ರೀನ್ ಕೂಡ ಹಾಗೇ. 80 ಕಾಲಂ, 25 ಸಾಲು, ಒಟ್ಟು 2000 ಮನೆ. ಪ್ರತಿ ಮನೆಗೆ ಎರಡು ಬೈಟ್. ಮೊದಲನೆಯದು ಅಕ್ಷರ, ಅದರ ಪಕ್ಕದ್ದು ಬಣ್ಣದ ಚೀಟಿ. ಹೀಗೆ 4000 ಬೈಟ್, ಮೆಮೊರಿಯ ಸೆಗ್ಮೆಂಟ್ (ಭಾಗ) ಬಿ800ರಿಂದ ಶುರುವಾಗಿ ಸಾಲಾಗಿ ಕೂತಿರುತ್ತವೆ.

ಚೀಟಿಯಲ್ಲಿ 8 ಬಿಟ್. ಕೆಳಗಿನ ನಾಲ್ಕು ಅಕ್ಷರದ ಬಣ್ಣಕ್ಕೆ: ನೀಲಿಗೆ 1, ಹಸಿರಿಗೆ 2, ಕೆಂಪಿಗೆ 4, ಹೊಳಪಿಗೆ 8. ಬೇಕಾದ್ದನ್ನು ಕೂಡಿಸಿಕೊಳ್ಳುವುದು. ಕೆಂಪು, ಹಸಿರು, ನೀಲಿ ಮೂರೂ ಸೇರಿದರೆ 7, ಅದು ಡಾಸ್‌ನ ಮಾಮೂಲಿ ತಿಳಿ ಬೂದು. ಹೊಳಪು ಸೇರಿಸಿದರೆ 15, ಅಚ್ಚ ಬಿಳಿ. ಕೆಂಪು ಮತ್ತು ಹಸಿರು ಸೇರಿದರೆ 6, ಲೆಕ್ಕದ ಪ್ರಕಾರ ಅದು ಮಂಕು ಹಳದಿ ಆಗಬೇಕು. ಆದರೆ ನಿಮಗೆ ಕಾಣುವುದು ಕಂದು. ಐಬಿಎಂನ 5153 ಕಲರ್ ಮಾನಿಟರ್‌ನಲ್ಲಿ ಆ ಒಂದು ಬಣ್ಣಕ್ಕೆ ಮಾತ್ರ ಹಸಿರನ್ನು ಕಡಿಮೆ ಮಾಡುವ ಸರ್ಕ್ಯೂಟ್ ಇಟ್ಟಿದ್ದರು. ಮುಂದೆ ಬಂದ ಕಾರ್ಡ್‌ಗಳೂ ಆ ಕಂದು ಬಣ್ಣವನ್ನೇ ಉಳಿಸಿಕೊಂಡವು. ವೈವಾದಲ್ಲಿ "6 ಯಾಕೆ ಹಳದಿ ಅಲ್ಲ" ಎಂದು ಯಾರಾದರೂ ಕೇಳಿದರೆ ಇದನ್ನು ಹೇಳಿ.

ಮೇಲಿನ ನಾಲ್ಕು ಬಿಟ್ ಹಿನ್ನೆಲೆಗೆ ಅಂತ ಎಲ್ಲರೂ ಹೇಳುತ್ತಾರೆ. ನಿಮ್ಮ ತೊಂದರೆ ಹುಟ್ಟಿದ್ದೇ ಈ ಮಾತಿನಿಂದ. ಹಿನ್ನೆಲೆಗೆ ಖಾತ್ರಿಯಾಗಿ ಸಿಗುವುದು ಮೂರೇ ಬಿಟ್. ತುದಿಯ ಎಂಟನೇ ಬಿಟ್‌ಗೆ ಎರಡು ಕೆಲಸ. ಕಾರ್ಡ್ ಒಂದು ಸ್ಥಿತಿಯಲ್ಲಿದ್ದರೆ ಅದು "ಅಕ್ಷರ ಮಿಣುಕಲಿ" ಎಂದು ಓದಿಕೊಳ್ಳುತ್ತದೆ. ಇನ್ನೊಂದು ಸ್ಥಿತಿಯಲ್ಲಿದ್ದರೆ "ಹಿನ್ನೆಲೆ ಹೊಳೆಯಲಿ" ಎಂದು. ಡಾಸ್ ಶುರುವಾದಾಗ ಇರುವುದು ಮಿಣುಕುವ ಸ್ಥಿತಿ.

ನಿಮ್ಮ ಸಿಎಫ್ ಬಿಡಿಸಿ ನೋಡಿ. ಮೇಲಿನ ಸಿ ಅಂದರೆ 1100. ಮೊದಲ 1 ಮಿಣುಕು, ಉಳಿದ 100 ಅಂದರೆ 4, ಬರೀ ಮಂಕು ಕೆಂಪು. ಎ0ದಲ್ಲಿ ಎ ಅಂದರೆ 1010. ಮತ್ತೆ ಮೊದಲ 1 ಮಿಣುಕು, ಉಳಿದ 010 ಮಂಕು ಹಸಿರು. ಎರಡೂ ಬಣ್ಣದಲ್ಲಿ ನೀವು ತುದಿಯ ಬಿಟ್ ಹಚ್ಚಿದ್ದೀರಿ, ಅದಕ್ಕೇ 33 ಗೇಟೂ ಮಿಣುಕಿದವು. ಡಾಸ್‌ಬಾಕ್ಸ್ ತಪ್ಪು ಮಾಡಲಿಲ್ಲ. ನಿಜವಾದ ಕಾರ್ಡ್ ಹೇಗೆ ನಡೆದುಕೊಳ್ಳುತ್ತದೋ ಹಾಗೇ ನಡೆದುಕೊಂಡಿತು. ಇಎಂಯು8086 ಮಿಣುಕಿಸುವುದೇ ಇಲ್ಲ, ಆ ಬಿಟ್ಟನ್ನು ಯಾವಾಗಲೂ ಹೊಳಪು ಎಂದೇ ತೋರಿಸುತ್ತದೆ. ಈ ಎರಡರ ನಡುವೆ ಎಷ್ಟೋ ಹುಡುಗರು ಲ್ಯಾಬ್ ಎಕ್ಸಾಂ ದಿನ ಗಾಬರಿ ಬಿದ್ದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮನೆಯಲ್ಲಿ ಸರಿ ಇತ್ತು ಸರ್ ಅನ್ನುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ.

ಇದನ್ನು ಸರಿಪಡಿಸಲು ಒಂದಕ್ಕಿಂತ ಜಾಸ್ತಿ ದಾರಿ ಇವೆ.

ಮಿಣುಕುವುದನ್ನೇ ನಿಲ್ಲಿಸಬಹುದು. ಎಎಕ್ಸ್‌ಗೆ 1003ಎಚ್, ಬಿಎಕ್ಸ್‌ಗೆ 0 ಹಾಕಿ ಇಂಟ್ 10ಎಚ್ ಕರೆಯಿರಿ. ನಿಮ್ಮ ಸಿಎಫ್, ಎ0 ಎರಡೂ ಲ್ಯಾಪ್‌ಟಾಪ್‌ನಲ್ಲಿ ಕಂಡ ಹಾಗೇ ಹೊಳೆಯುತ್ತವೆ. ಆದರೆ ಇದರಲ್ಲಿ ಒಂದು ಕಾಲು ಜಾರುವ ಜಾಗ ಇದೆ. ಸ್ಕ್ರೀನ್ ಮೋಡ್ ಹೊಸದಾಗಿ ಇಟ್ಟರೆ, ಅಂದರೆ ಎಎಕ್ಸ್‌ಗೆ 0003 ಹಾಕಿ ಇಂಟ್ 10ಎಚ್ ಕರೆದರೆ, ಕಾರ್ಡ್ ಮತ್ತೆ ಮಿಣುಕುವ ಸ್ಥಿತಿಗೆ ಹೋಗುತ್ತದೆ. ಹಾಗಾಗಿ ಮೊದಲು ಮೋಡ್, ಆಮೇಲೆ 1003. ಹಿಂದುಮುಂದಾದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಇನ್ನೊಂದು ದಾರಿ, ಹಿನ್ನೆಲೆಯನ್ನು 0ರಿಂದ 7ರ ಒಳಗೇ ಇಟ್ಟುಕೊಳ್ಳುವುದು. ಹೆಕ್ಸ್‌ನಲ್ಲಿ ಕೆಂಪು ಮೇಲೆ ಬಿಳಿಗೆ 4ಎಫ್, ಹಸಿರು ಮೇಲೆ ಕಪ್ಪಿಗೆ 20. ತುದಿಯ ಬಿಟ್ 0 ಇರುವುದರಿಂದ ಕಾರ್ಡ್ ಯಾವ ಸ್ಥಿತಿಯಲ್ಲಿದ್ದರೂ ಒಂದೇ ಥರ ಕಾಣುತ್ತದೆ. ಬಣ್ಣ ಸ್ವಲ್ಪ ಗಾಢ, ಅಷ್ಟೇ.

ಹೊಳೆಯುವ ಬಣ್ಣವೇ ಬೇಕು, ಒಳಗೆ ಅಕ್ಷರ ಬೇಡ ಅಂದರೆ ಹಳಬರು ಬಳಸುತ್ತಿದ್ದ ಒಂದು ಉಪಾಯ ಇದೆ. ಹೆಕ್ಸ್ ಡಿಬಿ, ಅಂದರೆ 219ನೇ ಅಕ್ಷರ, ಇಡೀ ಮನೆ ತುಂಬುವ ಚೌಕ. ಆ ಚೌಕಕ್ಕೆ ಅಕ್ಷರದ ಬಣ್ಣ 12 ಕೊಟ್ಟರೆ ಮನೆಯೇ ಹೊಳೆಯುವ ಕೆಂಪಾಗುತ್ತದೆ. ಹಿನ್ನೆಲೆಯ ಗೊಡವೆಯೇ ಇಲ್ಲ. ಆದರೆ ನಿಮ್ಮ ಗೇಟ್‌ಗೆ ಇದು ಬೇಡ ಅನ್ನುತ್ತೇನೆ. ಕೆಂಪು, ಹಸಿರಿನ ವ್ಯತ್ಯಾಸ ಗೊತ್ತಾಗದ ಕಣ್ಣುಗಳು ಎಲ್ಲ ಕಡೆ ಇವೆ. ಓ ಮತ್ತು ಸಿ ಅಕ್ಷರ ಇಟ್ಟಿದ್ದು ನೀವು ಮಾಡಿದ ಒಳ್ಳೇ ಕೆಲಸ, ಅದನ್ನು ತೆಗೆಯಬೇಡಿ.

ನಾನು ಎರಡನೇ ದಾರಿಯನ್ನೇ ಹಿಡಿಯುತ್ತೇನೆ. ಅದಕ್ಕೆ ಕಾರಣ ಇದೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಬಳ್ಳಾರಿ ಹತ್ತಿರ ಅದಿರು ಲಾರಿಗಳ ಒಂದು ವೇಬ್ರಿಡ್ಜ್‌ಗೆ ಡಾಸ್ ಪ್ರೋಗ್ರಾಂ ಬರೆದಿದ್ದೆ. ಲೋಡ್ ಜಾಸ್ತಿ ಆದರೆ ನೀಲಿ ಹಿನ್ನೆಲೆ ಮೇಲೆ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಬರುವ ಹಾಗೆ ಮಾಡಿದ್ದೆ. ನನ್ನ ಮೇಜಿನ ಮೇಲೆ ಅದು ಎದ್ದು ಕಾಣುತ್ತಿತ್ತು. ಅಲ್ಲಿ ಮಾನಿಟರ್ ಗಾಜಿನ ಮೇಲೆ ದಿನವಿಡೀ ಕೆಂಧೂಳು ಕೂರುತ್ತಿತ್ತು. ರಾತ್ರಿ ಪಾಳಿಯ ಆಪರೇಟರ್‌ಗೆ ಆ ಅಕ್ಷರ ಕಾಣಲೇ ಇಲ್ಲ, ತೂಕ ಮೀರಿದ ಲಾರಿಗಳು ಹಾಗೇ ದಾಟಿ ಹೋದವು. ತಪ್ಪು ನನ್ನದೇ. ಕೆಂಪು ಮತ್ತು ನೀಲಿ ಎರಡೂ ಮಂಕು ಬಣ್ಣ, ಒಂದರ ಮೇಲೊಂದು ಹಾಕಿದರೆ ಕಣ್ಣಿಗೆ ಬೇರೆ ಬೇರೆ ಅನಿಸುವುದಿಲ್ಲ. ಮಾರನೇ ದಿನವೇ ಹೋಗಿ ಅದನ್ನು 4ಎಫ್ ಮಾಡಿದೆ, ಕೆಂಪು ಮೇಲೆ ಬಿಳಿ. ಅವತ್ತಿನಿಂದ ಬಣ್ಣ ಆರಿಸುವಾಗ ಚೆಂದಕ್ಕಿಂತ ಮೊದಲು, ದೂರದಿಂದ ಓದಲು ಬರುತ್ತಾ ಎಂದು ನೋಡುತ್ತೇನೆ. ನೀವೂ ನಿಮ್ಮ ಸ್ಕ್ರೀನಿನಿಂದ ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ.

ಇನ್ನು ಹೆಡ್ಡಿಂಗ್ ಯಾಕೆ ಬಣ್ಣ ಪಡೆಯಲಿಲ್ಲ? ಇಂಟ್ 10ಎಚ್‌ನಲ್ಲೂ 09 ಇದೆ, ಇಂಟ್ 21ಎಚ್‌ನಲ್ಲೂ 09 ಇದೆ. ನಂಬರ್ ಒಂದೇ, ಮನೆ ಬೇರೆ. 10ಎಚ್‌ನ 09 ಬಯಾಸ್‌ನದ್ದು, ಅಂದರೆ ಕಂಪ್ಯೂಟರ್‌ನ ಒಳಗೇ ಬರುವ ಮೂಲ ಪ್ರೋಗ್ರಾಂನದ್ದು. ಎಎಲ್‌ನಲ್ಲಿ ಅಕ್ಷರ, ಬಿಎಲ್‌ನಲ್ಲಿ ಬಣ್ಣ, ಬಿಎಚ್‌ನಲ್ಲಿ ಪುಟ, ಸಿಎಕ್ಸ್‌ನಲ್ಲಿ ಎಷ್ಟು ಸಲ ಎಂದು ಕೇಳುತ್ತದೆ. 21ಎಚ್‌ನ 09 ಡಾಸ್‌ನದ್ದು. ಡಾಲರ್ ಗುರುತು ಸಿಗುವ ತನಕ ಅಕ್ಷರಗಳನ್ನು ಹಾಕುತ್ತಾ ಹೋಗುತ್ತದೆ. ಬಿಎಲ್ ಕಡೆ ಅದು ತಿರುಗಿಯೂ ನೋಡುವುದಿಲ್ಲ. ಮಾಲು ಬದಲಾಯಿಸುತ್ತದೆ, ಚೀಟಿ ಮುಟ್ಟುವುದಿಲ್ಲ. ಆ ಮನೆಯಲ್ಲಿ ಮೊದಲು ಯಾವ ಬಣ್ಣ ಇತ್ತೋ ಅದೇ ಉಳಿಯುತ್ತದೆ.

ಇದನ್ನೇ ನಮ್ಮ ಅನುಕೂಲಕ್ಕೂ ತಿರುಗಿಸಿಕೊಳ್ಳಬಹುದು. ಮೊದಲು ಇಂಟ್ 10ಎಚ್‌ನ 06ರಿಂದ ಆ ಸಾಲಿಗೆ ಬಣ್ಣ ಬಳಿದುಬಿಡಿ. ಎಎಕ್ಸ್‌ಗೆ 0600ಎಚ್, ಬಿಎಚ್‌ಗೆ 1ಎಫ್, ಅಂದರೆ ನೀಲಿ ಮೇಲೆ ಬಿಳಿ. ಸಿಎಕ್ಸ್‌ನಲ್ಲಿ ಎಡ ಮೇಲಿನ ಮೂಲೆ, ಡಿಎಕ್ಸ್‌ನಲ್ಲಿ ಬಲ ಕೆಳಗಿನ ಮೂಲೆ. ಮೊದಲ ಸಾಲಿಗೆ ಮಾತ್ರ ಅಂದರೆ ಸಿಎಕ್ಸ್ 0, ಡಿಎಕ್ಸ್ 004ಎಫ್. ಆಮೇಲೆ ಅದೇ ಇಂಟ್ 10ಎಚ್‌ನ 02ರಿಂದ ಕರ್ಸರ್ ಅಲ್ಲಿಗೆ ಒಯ್ದು ನಿಮ್ಮ ಹಳೇ 21ಎಚ್‌ನ 09 ಕರೆಯಿರಿ. ಡಾಸ್‌ಬಾಕ್ಸ್‌ನಲ್ಲಿ ಹೆಡ್ಡಿಂಗ್ ನೀಲಿ ಪಟ್ಟಿಯ ಮೇಲೆ ಬಿಳಿಯಾಗಿ ಬರುತ್ತದೆ.

ಇಂಟ್ 10ಎಚ್‌ನ 13ಎಚ್ ಕೂಡ ಇದೆ. ಅದು ಇಡೀ ಸಾಲನ್ನು ಬಣ್ಣದ ಸಮೇತ ಬರೆಯುತ್ತದೆ. ಒಂದು ಎಚ್ಚರ: ಸಾಲಿನ ವಿಳಾಸವನ್ನು ಅದು ಇಎಸ್ ಮತ್ತು ಬಿಪಿಯಲ್ಲಿ ಹುಡುಕುತ್ತದೆ. ಗೇಟ್ ಬರೆಯಲು ಇಎಸ್‌ನಲ್ಲಿ ಬಿ800 ಇಟ್ಟಿರುತ್ತೀರಿ. ಅದನ್ನು ಡೇಟಾ ಸೆಗ್ಮೆಂಟ್‌ಗೆ ವಾಪಸ್ ತರದೆ 13ಎಚ್ ಕರೆದರೆ ಹೆಡ್ಡಿಂಗ್ ಜಾಗದಲ್ಲಿ ಕಸ ಬರುತ್ತದೆ.

ಈಗ ಗೇಟ್‌ಗಳು. ಇವನ್ನು ನೇರವಾಗಿ ಮೆಮೊರಿಗೇ ಬರೆಯಿರಿ, ಪ್ರಾಜೆಕ್ಟ್‌ನಲ್ಲಿ ಕಲಿಯುವ ಸೊಗಸು ಇರುವುದೇ ಅಲ್ಲಿ. ಯಾವುದೇ ಮನೆಯ ಜಾಗ ಬೇಕಿದ್ದರೆ ಸಾಲನ್ನು 80ರಿಂದ ಗುಣಿಸಿ, ಕಾಲಂ ಕೂಡಿಸಿ, ಬಂದದ್ದನ್ನು ಎರಡರಿಂದ ಗುಣಿಸಿ. ಸಾಲು, ಕಾಲಂ ಎರಡೂ 0ರಿಂದ ಎಣಿಕೆ. 33 ಗೇಟ್, ಪ್ರತಿ ಗೇಟಿನ ಪಕ್ಕ ಒಂದು ಖಾಲಿ ಮನೆ ಬಿಟ್ಟರೆ 66 ಕಾಲಂ. ಉಳಿದ 14ರಲ್ಲಿ ಎಡಕ್ಕೆ 7, ಬಲಕ್ಕೆ 7. ಸಾಲು 10 ಅಂದುಕೊಳ್ಳಿ. ಮೊದಲ ಗೇಟ್: 800ಕ್ಕೆ 7 ಕೂಡಿಸಿದರೆ 807, ಎರಡರಿಂದ ಗುಣಿಸಿದರೆ 1614. ಕೋಡ್ ಇಷ್ಟೇ, ಉಚ್ಚಾರಕ್ಕೆ ತಕ್ಕಂತೆ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಎಂದಿನಂತೆ ಮಾಡಿ:

ಸಿಎಲ್‌ಡಿ
ಮೂವ್ ಎಎಕ್ಸ್, 0ಬಿ800ಎಚ್
ಮೂವ್ ಇಎಸ್, ಎಎಕ್ಸ್
ಮೂವ್ ಡಿಐ, 1614
ಮೂವ್ ಸಿಎಕ್ಸ್, 33
ಮೂವ್ ಎಎಕ್ಸ್, 2043ಎಚ್
ಗೇಟ್: ಸ್ಟಾಸ್‌ಡಬ್ಲ್ಯೂ
ಆಡ್ ಡಿಐ, 2
ಲೂಪ್ ಗೇಟ್

2043ರಲ್ಲಿ ಮೇಲಿನ 20 ಬಣ್ಣ, ಹಸಿರು ಮೇಲೆ ಕಪ್ಪು. ಕೆಳಗಿನ 43 ಅಕ್ಷರ, ಸಿ. ಇಂಟೆಲ್ ಪ್ರೊಸೆಸರ್ ಕೆಳಗಿನ ಬೈಟ್ ಮೊದಲು ಇಡುವುದರಿಂದ ಅಕ್ಷರ ಮುಂದೆ, ಚೀಟಿ ಅದರ ಪಕ್ಕ, ಸರಿಯಾಗಿ ಕೂರುತ್ತವೆ. ಸ್ಟಾಸ್‌ಡಬ್ಲ್ಯೂ ತಾನೇ ಡಿಐಯನ್ನು 2 ಮುಂದೆ ತಳ್ಳುತ್ತದೆ, ನಮ್ಮ ಆಡ್ ಖಾಲಿ ಮನೆ ದಾಟಿಸುತ್ತದೆ. ತೆರೆದ ಗೇಟಿಗೆ ಬರೆಯಬೇಕಾದ್ದು 4ಎಫ್4ಎಫ್. ಇದನ್ನು ನೋಡಿ ಟೈಪ್ ಮಾಡುವಾಗ ತಪ್ಪಾಗಿದೆ ಅಂದುಕೊಳ್ಳಬೇಡಿ. ಕೆಂಪು ಮೇಲೆ ಬಿಳಿಗೂ 4ಎಫ್, ಇಂಗ್ಲಿಷ್ ಓ ಅಕ್ಷರದ ಆಸ್ಕಿ ನಂಬರೂ 4ಎಫ್. ಎರಡೂ ಒಂದೇ ಆಗಿದೆ, ಅಷ್ಟೇ.

ನೇರ ಬರವಣಿಗೆಯಲ್ಲಿ ಇರುವ ನಿಜವಾದ ಅಪಾಯ ಒಂದೇ. ಇಎಸ್ ತಪ್ಪಾಗಿದ್ದರೆ ನೀವು ಸ್ಕ್ರೀನ್‌ಗೆ ಬರೆಯುತ್ತಿದ್ದೇನೆ ಅಂದುಕೊಂಡು ನಿಮ್ಮದೇ ಪ್ರೋಗ್ರಾಂ ಮೇಲೆ ಬರೆಯುತ್ತಿರುತ್ತೀರಿ. ಪ್ರೋಗ್ರಾಂ ನಿಂತುಹೋಗುತ್ತದೆ. ಸೇವ್ ಮಾಡದ ಫೈಲ್ ಇಟ್ಟುಕೊಂಡು ರನ್ ಮಾಡಬೇಡಿ.

ಲಿನಕ್ಸ್ ಪ್ರಶ್ನೆಗೆ ಉತ್ತರ: ಇಲ್ಲ, ಇದೇ ಕೋಡ್ ಓಡುವುದಿಲ್ಲ. ಅಲ್ಲಿ ಸಾಮಾನ್ಯ ಪ್ರೋಗ್ರಾಂ ಇಂಟ್ 10ಎಚ್ ಕರೆದರೂ, ಬಿ800 ಮುಟ್ಟಿದರೂ ಕರ್ನಲ್ ತಡೆದು ಸೆಗ್ಮೆಂಟೇಶನ್ ಫಾಲ್ಟ್ ಕೊಡುತ್ತದೆ. ಅಲ್ಲಿ ಬಣ್ಣವನ್ನು ಅಕ್ಷರಗಳ ನಡುವೆಯೇ ಸೇರಿಸಿ ಕಳಿಸಬೇಕು. ಮೊದಲು 1ಬಿ ಎಂಬ ಎಸ್ಕೇಪ್ ಬೈಟ್, ಅದಾದ ಮೇಲೆ ತೆರೆಯುವ ಚೌಕ ಆವರಣ ಚಿಹ್ನೆ, ಆಮೇಲೆ 97;41 ಮತ್ತು ಚಿಕ್ಕ ಎಂ ಅಕ್ಷರ. ಇಷ್ಟನ್ನು ರೈಟ್ ಸಿಸ್ಟಂ ಕಾಲ್‌ನಿಂದ ಕಳಿಸಿದರೆ ಮುಂದಿನದೆಲ್ಲ ಕೆಂಪು ಮೇಲೆ ಬಿಳಿ. 30ರಿಂದ 37 ಅಕ್ಷರಕ್ಕೆ, 40ರಿಂದ 47 ಹಿನ್ನೆಲೆಗೆ, 90ರಿಂದ 97 ಹೊಳೆಯುವ ಅಕ್ಷರಕ್ಕೆ. ಆದರೆ ಇಲ್ಲಿ ಬಣ್ಣಗಳ ಕ್ರಮ ಉಲ್ಟಾ. ಪಿಸಿಯಲ್ಲಿ ನೀಲಿ 1, ಕೆಂಪು 4. ಇಲ್ಲಿ ಕೆಂಪು 1, ನೀಲಿ 4. ಹಳೇ ಅಂಕಿಯನ್ನೇ ಸುಮ್ನೆ ಕೂಡಿಸಿದರೆ ತೆರೆದ ಗೇಟ್ ನೀಲಿಯಾಗಿ ಬರುತ್ತದೆ. ಹಸಿರು ಎರಡರಲ್ಲೂ 2 ಆಗಿರುವುದರಿಂದ ಅರ್ಧ ಸರಿ, ಅರ್ಧ ತಪ್ಪು ಕಾಣುತ್ತದೆ, ತಲೆ ಕೆಡುತ್ತದೆ. ಮುಗಿಸುವಾಗ ಅದೇ ಎಸ್ಕೇಪ್ ಮತ್ತು ಆವರಣದ ನಂತರ 0 ಮತ್ತು ಎಂ ಕಳಿಸಿ ಬಣ್ಣ ವಾಪಸ್ ತನ್ನಿ.

ವಿಂಡೋಸ್‌ನ 64 ಬಿಟ್ ಆವೃತ್ತಿ 16 ಬಿಟ್ ಪ್ರೋಗ್ರಾಂ ಓಡಿಸುವುದೇ ಇಲ್ಲ, ಅದಕ್ಕೇ ಲ್ಯಾಬ್‌ನಲ್ಲಿ ಡಾಸ್‌ಬಾಕ್ಸ್ ಇರುವುದು. ನೇರ ವಿಂಡೋಸ್‌ಗೆ ಬರೆಯುವವರು ಗೆಟ್‌ಸ್ಟಡ್‌ಹ್ಯಾಂಡಲ್‌ಗೆ ಮೈನಸ್ 11 ಕೊಟ್ಟು ಹ್ಯಾಂಡಲ್ ಪಡೆದು, ಸೆಟ್‌ಕನ್ಸೋಲ್‌ಟೆಕ್ಸ್ಟ್‌ಆಟ್ರಿಬ್ಯೂಟ್‌ಗೆ ಬಣ್ಣ ಕೊಡುತ್ತಾರೆ. ಅಂಕಿಗಳು ನಿಮ್ಮ ಚೀಟಿಯವೇ. ಅಲ್ಲಿ ತುದಿಯ ಬಿಟ್ ಯಾವಾಗಲೂ ಹೊಳಪು, ಮಿಣುಕು ಇಲ್ಲ. ಅದು ಸೆಮಿಸ್ಟರ್ ರಜೆಗೆ ಇರಲಿ.

ಪ್ರೋಗ್ರಾಂ ಮುಗಿಯುವ ಮುನ್ನ ಸ್ಕ್ರೀನ್ ಮೊದಲಿನ ಸ್ಥಿತಿಗೆ ತರುವುದನ್ನು ಮರೆಯಬೇಡಿ. ಅದೇ 06 ಕರೆ, ಬಿಎಚ್‌ಗೆ 07, ಸಿಎಕ್ಸ್ 0, ಡಿಎಕ್ಸ್ 184ಎಫ್, ಅಂದರೆ 24ನೇ ಸಾಲು, 79ನೇ ಕಾಲಂ. 1003 ಬಳಸಿ ಮಿಣುಕು ನಿಲ್ಲಿಸಿದ್ದರೆ ಬಿಎಲ್‌ಗೆ 1 ಕೊಟ್ಟು ಮತ್ತೆ ಹಚ್ಚಿ. ಇದನ್ನು ಮಾಡದಿದ್ದರೆ ನಿಮ್ಮ ಬಣ್ಣ ಡಾಸ್ ಪ್ರಾಂಪ್ಟ್ ಮೇಲೂ ಉಳಿಯುತ್ತದೆ. ಕಂಪ್ಯೂಟರ್ ಕೆಟ್ಟಿತು ಎಂದು ಯಾರೋ ಹೇಳುವುದು ಬಹುಶಃ ಇದನ್ನು ನೋಡಿಯೇ.

ಕೊನೆಗೊಂದು ಆಸೆ, ನೀವು ಒಪ್ಪಿದರೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನ್ ಕಡಿದು ಗೇಟ್ ಕೊಚ್ಚಿಹೋದಾಗ ನೀವು ಮುನಿರಾಬಾದ್ ಹತ್ತಿರವೇ ಇದ್ದಿರಬೇಕು. ಗದ್ದೆಗೆ ನೀರು ಉಳಿಯುತ್ತದೋ ಇಲ್ಲವೋ ಎಂದು ನಮ್ಮ ಕಡೆ ಎಲ್ಲರ ಎದೆ ಹೊಡೆದುಕೊಂಡಿತ್ತು. ನಿಮ್ಮ ಸ್ಕ್ರೀನ್ ಮೇಲೆ ಕೆಟ್ಟ ಗೇಟ್‌ಗೆ ಒಂದು ಬೇರೆ ಗುರುತು ಇರಲಿ. ನಿಮ್ಮನ್ನು ಕಾಡಿದ ಆ ಮಿಣುಕನ್ನೇ ಅದಕ್ಕೆ ಕೊಡಿ. 1003 ಕರೆಯಬೇಡಿ. ಉಳಿದ 32 ಗೇಟ್‌ಗಳು 20 ಮತ್ತು 4ಎಫ್‌ನಲ್ಲಿ ಸುಮ್ಮನೆ ನಿಂತಿರಲಿ. 19ನೇ ಗೇಟಿನ ಜಾಗ 1614ಕ್ಕೆ 18 ಗೇಟ್ ದೂರದಲ್ಲಿ, ಗೇಟಿಗೆ 4 ಬೈಟ್‌ನಂತೆ 72 ಕೂಡಿಸಿದರೆ 1686. ಡಿಐಗೆ 1686 ಹಾಕಿ, ಎಎಕ್ಸ್‌ಗೆ 0ಸಿಎಫ್4ಎಫ್‌ಎಚ್ ಹಾಕಿ, ಒಂದು ಸ್ಟಾಸ್‌ಡಬ್ಲ್ಯೂ. ಮುಂದಿನ ಸೊನ್ನೆ ಬಿಡಬೇಡಿ, ಇಲ್ಲದಿದ್ದರೆ ಅಸೆಂಬ್ಲರ್ ಅದನ್ನು ಹೆಸರು ಎಂದುಕೊಳ್ಳುತ್ತದೆ. ಇಎಂಯು8086ನಲ್ಲಿ ಅದು ಹೊಳೆಯುವ ಕೆಂಪಾಗಿ ಕಾಣುತ್ತದೆ. ಮಿಣುಕು ನೋಡಬೇಕಿದ್ದರೆ ಲ್ಯಾಬ್‌ನ ಡಾಸ್‌ಬಾಕ್ಸ್‌ನಲ್ಲೇ ಓಡಿಸಿ, ಎಕ್ಸಾಮಿನರ್ ಬರುವ ಹಿಂದಿನ ದಿನವೇ ಒಮ್ಮೆ.